ನಿಯಮ ಮತ್ತು ನೆನಪು: ಫ್ರೆಂಚ್ ಪ್ರಯೋಗಕಾವ್ಯದಲ್ಲಿ ಬದಲಾಗುವ ಪ್ಯಾರಿಸ್

ನಗರವನ್ನು ಕುರಿತ ಫ್ರೆಂಚ್ ಪ್ರಯೋಗಕಾವ್ಯವನ್ನು ಬುದ್ಧಿಯ ಆಟವೆಂದು ಬದಿಗಿಡುವುದುಂಟು. ಕವಿ ತನಗೆ ತಾನೇ ವಿಧಿಸಿಕೊಂಡ ಕಟ್ಟುಪಾಡಿನಿಂದ ಹುಟ್ಟುವ ಈ ಕಾವ್ಯದಲ್ಲಿ ಅನುಭವಕ್ಕಿಂತ ಚಮತ್ಕಾರವೇ ಮುಂದಾಗುತ್ತದೆ ಎಂಬುದು ಈ ಆಕ್ಷೇಪದ ಸಾರ. ಮೌಖಿಕ ಪರಂಪರೆಯ ಅಧ್ಯಯನದ ಹಿನ್ನೆಲೆಯಲ್ಲಿ ಈ ಅಭಿಪ್ರಾಯವನ್ನು ಒಪ್ಪುವುದು ಕಷ್ಟ. ಇಲ್ಲಿ ಕಟ್ಟುಪಾಡು ಅಲಂಕಾರವಲ್ಲ. ಕಣ್ಣೆದುರೇ ಅಳಿಯುತ್ತಿರುವ ಊರನ್ನು ನೆನಪಿನಲ್ಲಿ ಹಿಡಿದಿಡುವ ಸಾಧನ. ಜಾಕ್ ರೂಬೊ ಮತ್ತು ಜಾಕ್ ಜುವೆ ಅವರ ಕೃತಿಗಳ ಮೂಲಕ ಈ ಮಾತನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಕಾವ್ಯದ ಬೇರು ಬೋದಿಲೇರನಲ್ಲಿದೆ. ಪಿ. ಲಂಕೇಶರ ‘ಪಾಪದ ಹೂಗಳು’ ಅನುವಾದದಿಂದ ಕನ್ನಡಕ್ಕೆ ಪರಿಚಿತನಾದ ಈ ಕವಿ, ಮೂಲ ಸಂಕಲನದ 1861ರ ಎರಡನೆಯ ಆವೃತ್ತಿಗೆ ‘ಹಂಸ’ ಎಂಬ ಕವಿತೆಯನ್ನು ಸೇರಿಸಿದನು. ಅದರ ನಿರೂಪಕ ಲೂವ್ರ್ ಅರಮನೆಯ ಬಳಿ, ಹಳೆಯ ಕೇರಿಯೊಂದು ನೆಲಸಮವಾದ ಬಯಲನ್ನು ದಾಟುತ್ತಾನೆ. 1853ರಿಂದ 1870ರವರೆಗೆ ಸೇನ್ ಪ್ರಾಂತ್ಯದ ಆಡಳಿತಾಧಿಕಾರಿಯಾಗಿದ್ದ ಓಸ್ಮಾನ್, ಪ್ಯಾರಿಸ್ಸಿನ ಇಕ್ಕಟ್ಟಾದ ಓಣಿಗಳನ್ನು ಕೆಡವಿ ಅಗಲವಾದ ಬೀದಿಗಳನ್ನು ತೆರೆಯುತ್ತಿದ್ದ ಕಾಲವದು. ಪಂಜರದಿಂದ ತಪ್ಪಿಸಿಕೊಂಡು ಒಣಗಿದ ಕಲ್ಲುಹಾಸಿನ ಮೇಲೆ ನೀರಿಗಾಗಿ ತಡಕಾಡುವ ಹಂಸವು ಸ್ವಂತ ಊರಿನಲ್ಲೇ ಪರಕೀಯನಾದವನ ರೂಪಕ. ಮನಸ್ಸಿಗಿಂತ ನಗರವೇ ಬೇಗ ಬದಲಾಗುವುದನ್ನು ಕುರಿತ ವಿಷಾದ ಅಲ್ಲಿ ಒಬ್ಬ ಮರ್ತ್ಯನ ಹೆಸರಿನಲ್ಲಿ ವ್ಯಕ್ತವಾಗಿದೆ.

ರೂಬೊ (1932–2024) ತಮ್ಮ 1991–1998ರ ಅವಧಿಯ 150 ಕವಿತೆಗಳನ್ನು 1999ರಲ್ಲಿ ಪ್ರಕಟಿಸಿದಾಗ ಬೋದಿಲೇರನ ಆ ಉಕ್ತಿಯನ್ನೇ ತುಸು ಬದಲಿಸಿ ಶೀರ್ಷಿಕೆಯಾಗಿಸಿದರು. ‘ಮರ್ತ್ಯ’ ಎಂಬ ಏಕವಚನದ ಸ್ಥಾನದಲ್ಲಿ ‘ಮನುಷ್ಯರು’ ಎಂಬ ಬಹುವಚನ ಬಂತು. ಈ ಸಣ್ಣ ವ್ಯತ್ಯಾಸ ಮಹತ್ವದ್ದು. ಒಬ್ಬನ ದುಃಖ ಇಲ್ಲಿ ಸಮುದಾಯದ ದುಃಖವಾಗುತ್ತದೆ. ಕೈಯಿಂದ ಕೈಗೆ ದಾಟುವ ಹಾಡಿನಲ್ಲಿ ಪಾಠಾಂತರ ಹುಟ್ಟುವ ಬಗೆಯೂ ಇದೇ. ಪ್ಯಾರಿಸ್ಸಿನ ಬೀದಿಗಳನ್ನು ಕುರಿತು ರೇಮೋಂ ಕೆನೋ 1967ರಲ್ಲಿ ಹೊರತಂದ ಸಂಕಲನದೊಡನೆಯೂ ರೂಬೊ ಸಂವಾದ ನಡೆಸುತ್ತಾರೆ. ಗಣಿತಜ್ಞರೂ ಮಧ್ಯಯುಗದ ತ್ರುಬದೂರ್ ಗಾಯಕಕವಿಗಳ ವಿದ್ವಾಂಸರೂ ಆಗಿದ್ದ ಅವರಿಗೆ ಛಂದಸ್ಸೆಂದರೆ ಭಾಷೆಯ ಸ್ಮರಣಶಕ್ತಿ.

ಕೆನೋ ಮತ್ತು ಫ್ರಾಂಸ್ವಾ ಲ ಲಿಯೊನೆ ಅವರು ‘ಊಲಿಪೋ’ ಕೂಟವನ್ನು ಸ್ಥಾಪಿಸಿದ್ದು 1960ರಲ್ಲಿ. ಯುಗೋಸ್ಲಾವಿಯದ ವೀರಗಾಥೆಗಳ ಗಾಯಕರನ್ನು ಕುರಿತ ಆಲ್ಬರ್ಟ್ ಲಾರ್ಡ್ ಅವರ ಗ್ರಂಥ ಪ್ರಕಟವಾದದ್ದೂ ಅದೇ ವರ್ಷ. ಸಿದ್ಧ ನುಡಿಗಟ್ಟು ಗಾಯಕನಿಗೆ ಬಂಧನವಲ್ಲ, ಹಾಡುತ್ತಲೇ ಕಟ್ಟುವ ಶಕ್ತಿಯೆಂದು ಲಾರ್ಡ್ ತೋರಿಸಿದರು. ಊಲಿಪೋ ಸದಸ್ಯರಾದ ಜುವೆ ಅವರ ‘ಮೆಟ್ರೋ ಕವಿತೆಗಳು’ (2000) ಇದಕ್ಕೆ ಸಮೀಪದ ನಿದರ್ಶನ. ಎರಡು ನಿಲ್ದಾಣಗಳ ನಡುವೆ ರೈಲು ಚಲಿಸುವಾಗ ಒಂದು ಸಾಲನ್ನು ಮನಸ್ಸಿನಲ್ಲೇ ಕಟ್ಟಬೇಕು; ರೈಲು ನಿಂತಾಗ ಮಾತ್ರ ಬರೆಯಬೇಕು; ಮಾರ್ಗ ಬದಲಾದರೆ ಚರಣವೂ ಬದಲಾಗಬೇಕು. ತಿದ್ದಲು ಬಿಡುವಿಲ್ಲ. ನಗರದ ಯಂತ್ರಗತಿಯೇ ಇಲ್ಲಿ ಲಯ. ಲೇಖನಿ ಹಿಡಿದಿದ್ದರೂ ರಚನೆಯ ಸ್ವರೂಪ ಮೌಖಿಕ.

ಆದರೆ ಈ ಹೋಲಿಕೆಗೆ ಮಿತಿಯಿದೆ. ಗಾಥೆಯ ಗಾಯಕನಿಗೆ ನಿಯಮ ಪರಂಪರೆಯಿಂದ ಬಂದದ್ದು; ಕೇಳುಗರಿಗೂ ಅದು ಗೊತ್ತು. ಊಲಿಪೋ ಕವಿಯ ನಿಯಮ ಅವನ ಸ್ವಂತ ಆಯ್ಕೆ. ಮೇಲಾಗಿ, ನಿಯಮಬದ್ಧ ಕವಿತೆ ಬೀದಿಯ ಹೆಸರನ್ನು ಉಳಿಸಬಲ್ಲುದು; ಬೀದಿಯವರ ನೆರೆಹೊರೆಯನ್ನು ಉಳಿಸಲಾರದು. ಗಡಿಪಾರಾದವರನ್ನೂ ಅನಾಥರನ್ನೂ ನೆನೆಯುವ ‘ಹಂಸ’ದ ಆರ್ದ್ರತೆ ಮೆಟ್ರೋದ ವೇಗಕ್ಕೆ ಸುಲಭವಾಗಿ ದಕ್ಕುವುದಿಲ್ಲ.

ಹಾಗಿದ್ದರೂ ಜುವೆ ಅವರ ನಿಯಮ ಗುಟ್ಟಾಗಿ ಉಳಿದಿಲ್ಲ. ಟಿಕೆಟು ಕೊಂಡ ಯಾವ ಪ್ರಯಾಣಿಕನೂ ಅದನ್ನು ಬಳಸಬಹುದು. ಹೀಗೆ ಹಲವರು ಬಳಸಿದಾಗ ಸ್ವಂತ ಆಯ್ಕೆಯೂ ಕ್ರಮೇಣ ಸಾಮಾನ್ಯರ ಸೊತ್ತಾಗುವ ಸಾಧ್ಯತೆಯಿದೆ. ಕರ್ತೃವಿನ ಹೆಸರಿದೆಯೆಂಬ ಒಂದೇ ಕಾರಣಕ್ಕೆ ಜಾನಪದ ಅಧ್ಯಯನವು ಇಂತಹ ಕಾವ್ಯವನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟರೆ, ಸಮುದಾಯದ ನೆನಪು ನಗರದಲ್ಲಿ ಹೊಸದಾಗಿ ರೂಪುಗೊಳ್ಳುವ ಬಗೆಯೇ ಅದರ ಕಣ್ಣಿಗೆ ಬೀಳದೆ ಹೋದೀತು.