ಒಂದೇ ಕೋಟೆ, ಎರಡು ಸಿನಿಮಾ

ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದ ಕಡೆ ಮುಖಮಾಡಿದ ಸಿನಿಮಾದವರಲ್ಲಿ ಇಬ್ಬರ ಹೆಸರು ಇಂದಿಗೂ ಮಾಸಿಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ಮಾಡಿದರು, 1975ರಲ್ಲಿ ಜಿ.ವಿ. ಅಯ್ಯರ್ ‘ಹಂಸಗೀತೆ’ ಮಾಡಿದರು. ಎರಡೂ ಕಥೆ ತರಾಸು ಅವರದೇ. ಒಂದರಲ್ಲಿ ಕೋಟೆಯ ಬಂಡೆಯಿಂದ ಬಂಡೆಗೆ ನೆಗೆಯುವ, ಯಾರ ಮಾತಿಗೂ ಬಗ್ಗದ, ಚಾಮಯ್ಯ ಮೇಷ್ಟ್ರ ಮುಂದೆ ಮಾತ್ರ ಕುರಿಮರಿಯಾಗುವ ರಾಮಾಚಾರಿ. ಇನ್ನೊಂದರಲ್ಲಿ ಸಂಗೀತದ ಬೆನ್ನುಹತ್ತಿ ಅಲೆದು ಕೊನೆಗೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುವ ಭೈರವಿ ವೆಂಕಟಸುಬ್ಬಯ್ಯ. ಮೊದಲನೆಯದು ಊರೂರಿನ ಟಾಕೀಸುಗಳಲ್ಲಿ ಜನಜಾತ್ರೆ ಕಂಡಿತು. ಎರಡನೆಯದು ಹಾಡುಗಾರರ, ಓದುಗರ, ಫಿಲಂ ಸೊಸೈಟಿಗಳವರ ಪ್ರೀತಿ ಗಳಿಸಿತು.

ಆ ದಶಕದ ಮೆಚ್ಚಿನ ಚಿತ್ರಗಳ ಪಟ್ಟಿ ಮಾಡಲು ಕೂತವರು ಸಾಮಾನ್ಯವಾಗಿ ಹಾಳೆಯ ನಡುವೆ ಮೊದಲು ಒಂದು ಗೆರೆ ಎಳೆದುಬಿಡುತ್ತಾರೆ. ಈ ಕಡೆ ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’. ಆ ಕಡೆ ‘ಬಂಗಾರದ ಮನುಷ್ಯ’, ‘ಕಸ್ತೂರಿ ನಿವಾಸ’, ‘ಗಂಧದ ಗುಡಿ’. ಈ ಅಂಕಣಕಾರನ ಪಟ್ಟಿಯಲ್ಲಿ ಆ ಗೆರೆ ಇಲ್ಲ. ಉದಾರತೆ ಮೆರೆಯಬೇಕೆಂದಲ್ಲ. ಆ ಹತ್ತು ವರ್ಷಗಳ ಚಿತ್ರಗಳ ಹೆಸರುಪಟ್ಟಿಗಳನ್ನು ಸಾವಧಾನವಾಗಿ ಓದಿದರೆ ಗೆರೆ ಎಳೆಯಲು ಜಾಗವೇ ಸಿಗುವುದಿಲ್ಲ.

ಜಿ.ವಿ. ಅಯ್ಯರ್ ಅವರನ್ನೇ ನೋಡಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಜೊತೆ ಬಣ್ಣ ಹಚ್ಚಿದವರು, ಆಮೇಲೆ ಬಂದ ಎಷ್ಟೋ ಜನಪ್ರಿಯ ಚಿತ್ರಗಳಿಗೆ ಹಾಡು, ಸಂಭಾಷಣೆ ಬರೆದವರು ಅವರು. ಅದೇ ಅಯ್ಯರ್ ‘ವಂಶವೃಕ್ಷ’ಕ್ಕೆ ನಿರ್ಮಾಪಕರಾಗಿ ಬಿ.ವಿ. ಕಾರಂತ ಮತ್ತು ಗಿರೀಶ ಕಾರ್ನಾಡರ ಬೆನ್ನಿಗೆ ನಿಂತರು. ಕಾರಂತರು ಹುಡುಗನಾಗಿದ್ದಾಗ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. ಅಯ್ಯರ್ ಬೆಳೆದದ್ದೂ ಅಲ್ಲಿಯೇ, ರಾಜಕುಮಾರ್ ಪಳಗಿದ್ದೂ ಅಲ್ಲಿಯೇ. ಹೊಸ ಅಲೆಯೆಂದು ಕರೆಸಿಕೊಂಡದ್ದಕ್ಕೂ ಗಾಂಧಿನಗರಕ್ಕೂ ಅನ್ನ ಹಾಕಿ ಬೆಳೆಸಿದ್ದು ಒಂದೇ ನಾಟಕ ಕಂಪನಿಯ ಅಡುಗೆಮನೆ.

ಆ ‘ವಂಶವೃಕ್ಷ’ದ ಚಿಕ್ಕದೊಂದು ಪಾತ್ರದಲ್ಲಿ ಸಂಪತ್ ಕುಮಾರ್ ಎಂಬ ತೆಳ್ಳನೆಯ ಯುವಕನಿದ್ದ. ಪುಟ್ಟಣ್ಣ ಅವನನ್ನು ರಾಮಾಚಾರಿ ಮಾಡಿದರು, ವಿಷ್ಣುವರ್ಧನ ಎಂದು ಹೆಸರಿಟ್ಟರು. ‘ನಾಗರಹಾವು’ ತರಾಸು ಅವರ ಒಂದೇ ಕಾದಂಬರಿಯಿಂದ ಆದದ್ದಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಈ ಮೂರನ್ನೂ ಪುಟ್ಟಣ್ಣ ಒಂದೇ ಬುಟ್ಟಿಗೆ ಹಾಕಿದರು. ಬುಟ್ಟಿ ತುಂಬಿ ತುಳುಕಿತು. ಒನಕೆ ಓಬವ್ವನ ಪ್ರಸಂಗ, ಅಲಮೇಲುವಿನ ದುರಂತ, ಮಾರ್ಗರೆಟ್ಟಳ ಪ್ರೇಮ, ಅಂಬರೀಶ್ ಎಂಬ ಹೊಸ ಹುಡುಗನ ಜಲೀಲ ಎಲ್ಲವೂ ಅದರಲ್ಲುಂಟು. ಕಾದಂಬರಿಕಾರರಿಗೆ ಸಿನಿಮಾ ಹಿಡಿಸಲಿಲ್ಲ ಎಂಬುದು ಕನ್ನಡಿಗರೆಲ್ಲ ಬಲ್ಲ ಕಥೆ. ಅವರ ಮುನಿಸಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೆ ಚಾಮಯ್ಯ ಮೇಷ್ಟ್ರು ತಮ್ಮ ಮೇಲಿನ ಪ್ರೀತಿಯನ್ನೇ ಅಸ್ತ್ರ ಮಾಡಿಕೊಂಡು ರಾಮಾಚಾರಿಯಿಂದ ಅಲಮೇಲುವನ್ನು ಬಿಡಿಸುವ ದೃಶ್ಯವನ್ನು ಮತ್ತೊಮ್ಮೆ ನೋಡಬೇಕು. ಕೆ.ಎಸ್. ಅಶ್ವಥ್ ಅಲ್ಲಿ ದನಿ ಎತ್ತುವುದಿಲ್ಲ. ಬೇಡುವವರ ಹಾಗೆ ಮಾತಾಡುತ್ತಲೇ ಹುಡುಗನ ಬದುಕನ್ನು ಕಿತ್ತುಕೊಳ್ಳುತ್ತಾರೆ. ಒಳ್ಳೆಯ ಮನುಷ್ಯನೊಬ್ಬ ಒಳ್ಳೆಯತನದಿಂದಲೇ ಮಾಡುವ ಅನಾಹುತವನ್ನು ಇಷ್ಟು ಚೆನ್ನಾಗಿ ತೋರಿಸಿದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ಪುಟ್ಟಣ್ಣ ಇದೇ ಕಥೆಯನ್ನು ‘ಜಹರೀಲಾ ಇನ್ಸಾನ್’ ಎಂದು ರಿಷಿ ಕಪೂರ್ ಕೈಯಲ್ಲಿ ಹಿಂದಿಗೆ ಒಯ್ದಾಗ ಅದು ನಿಲ್ಲಲಿಲ್ಲ. ಅಶ್ವಥ್ ಇಲ್ಲದ ಚಾಮಯ್ಯ ಎಲ್ಲಿ ನಿಂತಾನು?

ಪುಟ್ಟಣ್ಣನವರ ಇನ್ನೊಂದು ಚಿತ್ರಕ್ಕೂ ಪಟ್ಟಿಯಲ್ಲಿ ಜಾಗ ಬೇಕು. ‘ಎಡಕಲ್ಲು ಗುಡ್ಡದ ಮೇಲೆ’ಯೋ ‘ಶರಪಂಜರ’ವೋ ಎಂಬ ಜಗಳ ರಸಿಕರಲ್ಲಿ ಮುಗಿದದ್ದೇ ಇಲ್ಲ. ಇಲ್ಲಿ ‘ಶರಪಂಜರ’ಕ್ಕೇ ಮತ. ತ್ರಿವೇಣಿಯವರ ಕಾದಂಬರಿಯ ಕಾವೇರಿ ಮನೋರೋಗದಿಂದ ಗುಣವಾಗಿ ಮನೆಗೆ ಮರಳುತ್ತಾಳೆ. ಗುಣವಾಗದೆ ಉಳಿದದ್ದು ಆ ಮನೆ, ಆ ಬೀದಿ. ಕಲ್ಪನಾ ಕೆಲವು ಕಡೆ ಅಗತ್ಯಕ್ಕಿಂತ ಹೆಚ್ಚು ಅಭಿನಯಿಸಿದ್ದಾರೆ ಎನ್ನುವವರುಂಟು, ಸುಳ್ಳಲ್ಲ. ಆದರೂ ಎಲ್ಲರೂ ತನ್ನನ್ನು ‘ಗಮನಿಸುತ್ತಿದ್ದಾರೆ’ ಎಂದು ಗೊತ್ತಾದ ಹೆಂಗಸು ಸಹಜವಾಗಿರಲು ಪಡುವ ಪಾಡು ಆಕೆಯ ಮುಖದಲ್ಲಿ ಅಚ್ಚೊತ್ತಿದಂತಿದೆ.

ಹೊಸ ಅಲೆಯ ಮೊದಲ ಅಲೆ ಎಂದರೆ 1970ರ ‘ಸಂಸ್ಕಾರ’. ಅನಂತಮೂರ್ತಿಯವರ ಕಾದಂಬರಿಗೆ ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯನಾದವರು ಕಾರ್ನಾಡ್, ನಾರಣಪ್ಪ ಪಿ. ಲಂಕೇಶ್, ನಿರ್ದೇಶಕ ತೆಲುಗಿನ ಕವಿ ಪಟ್ಟಾಭಿರಾಮ ರೆಡ್ಡಿ, ಕ್ಯಾಮೆರಾ ಆಸ್ಟ್ರೇಲಿಯಾದ ಟಾಮ್ ಕೋವನ್, ಸಂಗೀತ ಸರೋದ್ ವಾದಕ ರಾಜೀವ ತಾರಾನಾಥ. ಇಂಥ ಸಂತೆಯಲ್ಲಿ ಮಲೆನಾಡಿನ ಅಗ್ರಹಾರದ ವಾಸನೆ ಹುಟ್ಟಿದ್ದೇ ಸೋಜಿಗ. ಸೆನ್ಸಾರ್ ಮಂಡಳಿ ಮೊದಲು ತಡೆಯಿತು. ಬಿಡುಗಡೆಯಾದ ಮೇಲೆ ಅದೇ ಚಿತ್ರಕ್ಕೆ ರಾಷ್ಟ್ರಪತಿಗಳ ಸ್ವರ್ಣಪದಕ ಬಂತು. ಚಂದ್ರಿಯಾಗಿ ನಟಿಸಿದ್ದ ನಿರ್ದೇಶಕರ ಪತ್ನಿ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲು ಸೇರಿದರು, ಅಲ್ಲಿ ಆರೋಗ್ಯ ಕೆಟ್ಟು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಇದನ್ನು ತಿಳಿದ ಮೇಲೆ ಅಗ್ರಹಾರದ ಹೊರಗೆ ಒಂಟಿಯಾಗಿ ಕೂತ ಚಂದ್ರಿಯನ್ನು ಮೊದಲಿನಂತೆ ನೋಡಲಾಗುವುದಿಲ್ಲ.

ಈ ಅಂಕಣಕಾರನನ್ನು ಕಟ್ಟಿಹಾಕಿ ಒಂದೇ ಚಿತ್ರ ಹೆಸರಿಸು ಎಂದರೆ ಬರುವ ಉತ್ತರ ‘ಘಟಶ್ರಾದ್ಧ’. 1977. ಗಿರೀಶ ಕಾಸರವಳ್ಳಿ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಮುಗಿಸಿ, ‘ಚೋಮನ ದುಡಿ’ಯಲ್ಲಿ ಕಾರಂತರಿಗೆ ಸಹಾಯಕರಾಗಿದ್ದು, ಮೂವತ್ತು ತುಂಬುವ ಮೊದಲೇ ಮಾಡಿದ ಮೊದಲ ಕಥಾಚಿತ್ರ. ಕಥೆ ಇದೂ ಅನಂತಮೂರ್ತಿಯವರದೇ, ಹಿನ್ನೆಲೆ ಇದೂ ಅಗ್ರಹಾರವೇ. ಆದರೆ ‘ಸಂಸ್ಕಾರ’ ವಾದ ಮಾಡುವ ಕಡೆಯೆಲ್ಲ ‘ಘಟಶ್ರಾದ್ಧ’ ಸುಮ್ಮನೆ ನೋಡುತ್ತದೆ. ನೋಡುವ ಕಣ್ಣು ನಾಣಿಯದು. ವೇದ ಕಲಿಯಲು ಉಡುಪರ ಮನೆಗೆ ಬಂದುಬಿದ್ದ, ದೊಡ್ಡ ಹುಡುಗರ ಕಾಟಕ್ಕೆ ಹೆದರಿದ ಪುಟ್ಟ ಮಾಣಿ. ಅವನಿಗೆ ಆಸರೆ ಯಮುನಕ್ಕ, ಗುರುಗಳ ವಿಧವೆ ಮಗಳು. ಆಕೆ ಬಸುರಿ ಎಂಬುದು ಊರಿಗೆಲ್ಲ ತಿಳಿಯುತ್ತದೆ. ನಾಣಿಗೆ ಪೂರ್ತಿ ತಿಳಿಯುವುದಿಲ್ಲ.

ಯಮುನಕ್ಕನನ್ನು ರಾತ್ರಿ ಗರ್ಭ ಇಳಿಸಲು ಕರೆದೊಯ್ಯುವ ಭಾಗ ನೋಡಿ. ಒಳಗೆ ಏನಾಗುತ್ತಿದೆ ಎಂದು ಕಾಸರವಳ್ಳಿ ತೋರಿಸುವುದೇ ಇಲ್ಲ. ಕತ್ತಲು, ಬೆಂಕಿ, ಏರುತ್ತ ಏರುತ್ತ ಎದೆಗೆ ಬಡಿಯುವ ವಾದ್ಯದ ಸದ್ದು, ಹೆದರಿ ಕಂಗಾಲಾದ ಹುಡುಗನ ಮುಖ ಇಷ್ಟೇ. ಕಾರಂತರ ಸಂಗೀತ ಅಲ್ಲಿ ಕಿವಿಗೆ ಹಿತವಾಗುವ ಗೋಜಿಗೆ ಹೋಗದೆ ಹುಡುಗನ ಭಯವನ್ನು ನೇರವಾಗಿ ನೋಡುಗರ ಮೈಗೆ ದಾಟಿಸುತ್ತದೆ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣದಲ್ಲಿ ಮನೆಯ ಒಳಗಿನ ಕತ್ತಲಿಗೂ ಕಾಡಿನ ಕತ್ತಲಿಗೂ ಬೇರೆ ಬೇರೆ ಬಣ್ಣ. ಕೊನೆಗೆ ಅಪ್ಪನೇ ಬದುಕಿರುವ ಮಗಳ ಶ್ರಾದ್ಧ ಮಾಡುತ್ತಾನೆ, ಊರಿನಿಂದ ಹೊರಗೆ ಹಾಕುತ್ತಾನೆ. ತಲೆ ಬೋಳಿಸಿಕೊಂಡು ಮರದಡಿ ಕೂತ ಯಮುನಕ್ಕನನ್ನು ನಾಣಿ ಅಪ್ಪನ ಕೈಹಿಡಿದು ಹೋಗುತ್ತ ತಿರುಗಿ ನೋಡುತ್ತಾನೆ. ಮೀನಾ ಕುಟ್ಟಪ್ಪ ಅಲ್ಲಿ ಅಳುವುದೂ ಇಲ್ಲ. ಆ ವರ್ಷದ ಸ್ವರ್ಣಕಮಲ, ಕಾರಂತರಿಗೆ ಸಂಗೀತಕ್ಕೆ, ನಾಣಿ ಪಾತ್ರದ ಅಜಿತ್ ಕುಮಾರ್‌ಗೆ ಬಾಲನಟನಿಗೆ ಸಲ್ಲುವ ರಾಷ್ಟ್ರಪ್ರಶಸ್ತಿ ಎಲ್ಲ ಬಂದವು. ಸವೆದಿದ್ದ ಚಿತ್ರವನ್ನು ಫಿಲಂ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೇಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಜೀರ್ಣೋದ್ಧಾರ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ಹೊಸ ಪ್ರತಿ ಕರ್ನಾಟಕದ ಜಿಲ್ಲಾ ಕೇಂದ್ರಗಳ ತೆರೆಗಳಿಗೂ ಬಂದರೆ ಒಳ್ಳೆಯದು. ವೆನಿಸ್ ಸ್ವಲ್ಪ ದೂರ.

‘ಚೋಮನ ದುಡಿ’ಗೆ ಹೆಚ್ಚು ವಕಾಲತ್ತು ಬೇಕಿಲ್ಲ. ಎಂ.ವಿ. ವಾಸುದೇವ ರಾವ್ ಅವರ ಬೆನ್ನು, ಕೈ, ದುಡಿಯ ಸದ್ದು ಈ ಮೂರೇ ಸಾಕು. ಅವರಿಗೆ 1975ರ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ, ಚಿತ್ರಕ್ಕೆ ಸ್ವರ್ಣಕಮಲ. ಹೀಗೆ ಒಂದೇ ದಶಕದಲ್ಲಿ ದೇಶದ ಅತ್ಯುನ್ನತ ಚಲನಚಿತ್ರ ಗೌರವ ಕನ್ನಡಕ್ಕೆ ಮೂರು ಸಲ ಬಂತು.

ಇನ್ನು ‘ಬಂಗಾರದ ಮನುಷ್ಯ’. ಟಿ.ಕೆ. ರಾಮರಾಯರ ಕಾದಂಬರಿ, ಸಿದ್ಧಲಿಂಗಯ್ಯನವರ ನಿರ್ದೇಶನ, ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಕ್ಕೂ ಮಿಕ್ಕಿ ಓಡಿದ ದಾಖಲೆ. ಇದನ್ನು ರಾಜಕುಮಾರ್ ಅಭಿಮಾನದ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವ ವಿಮರ್ಶಕರಿದ್ದಾರೆ. ಅಷ್ಟು ಸುಲಭವಲ್ಲ. ಬರಡು ನೆಲ ಅಗೆದು ಊರನ್ನೇ ಎತ್ತಿ ನಿಲ್ಲಿಸಿದ ರಾಜೀವ ಕೊನೆಗೆ ತಾನು ಸಾಕಿ ಸಲಹಿದ ಅಕ್ಕನ ಮಗನಿಂದಲೇ ಮಾತು ಕೇಳಿಸಿಕೊಂಡು, ಯಾರೊಂದಿಗೂ ವಾದಕ್ಕೆ ಇಳಿಯದೆ ಊರು ಬಿಟ್ಟು ಹೋಗುತ್ತಾನೆ. ನಾಯಕ ಗೆದ್ದು ಬೀಗಬೇಕಾದ ಕಡೆ ಚಿತ್ರ ಅವನನ್ನು ಬರಿಗೈಯಲ್ಲಿ ಕಳಿಸುತ್ತದೆ, ಜನ ಅದನ್ನೇ ಮತ್ತೆ ಮತ್ತೆ ನೋಡಲು ಬರುತ್ತಾರೆ. ಅದರ ಹಿಂದಿನ ವರ್ಷದ, ದೊರೈ-ಭಗವಾನ್ ನಿರ್ದೇಶನದ ‘ಕಸ್ತೂರಿ ನಿವಾಸ’ದಲ್ಲೂ ಹಾಗೆಯೇ. ಕೊಟ್ಟು ಕೊಟ್ಟು ಬರಿದಾಗುವ ಬೆಂಕಿಪೊಟ್ಟಣ ಕಾರ್ಖಾನೆಯ ಧಣಿ ಅಲ್ಲಿ ನಾಯಕ. ಸೋಲುವ ನಾಯಕನನ್ನು ನೋಡಲು ಹೊಸ ಅಲೆಯ ಪ್ರೇಕ್ಷಕನಿಗೆ ಮಾತ್ರ ಎದೆಗಾರಿಕೆಯಿತ್ತು ಎನ್ನುವವರು ಈ ಎರಡನ್ನೂ ಇನ್ನೊಮ್ಮೆ ನೋಡಬೇಕು. 2014ರಲ್ಲಿ ಬಣ್ಣ ಬಳಿದು ಬಿಟ್ಟ ‘ಕಸ್ತೂರಿ ನಿವಾಸ’ವನ್ನಲ್ಲ, ಮೂಲದ ಕಪ್ಪು ಬಿಳುಪನ್ನು.

ಸಿದ್ಧಲಿಂಗಯ್ಯನವರ 1974ರ ‘ಭೂತಯ್ಯನ ಮಗ ಅಯ್ಯು’ ಇದಕ್ಕಿಂತ ಒಂದು ಕೈ ಮೇಲು. ಗೊರೂರರ ಕಥೆಗೆ ಊರಿನ ಮಣ್ಣು ಹಾಗೇ ಮೆತ್ತಿಕೊಂಡಿದೆ. ಎಂ.ಪಿ. ಶಂಕರ್ ಅವರ ಭೂತಯ್ಯ ಸತ್ತ ಮೇಲೂ ಚಿತ್ರದ ಮೇಲೆ ಕೂತೇ ಇರುತ್ತಾನೆ. ‘ನಾಗರಹಾವು’ ಚಿತ್ರದಲ್ಲಿ ರಾಮಾಚಾರಿಯ ಸೇಡಿಗೆ ಗುರಿಯಾಗುವ ಪ್ರಿನ್ಸಿಪಾಲರಾಗಿದ್ದ ಲೋಕನಾಥ್ ಇಲ್ಲಿ ಉಪ್ಪಿನಕಾಯಿ ಚಪ್ಪರಿಸುವ ತುಣುಕೊಂದರಲ್ಲಿ ಎಂಥ ಸವಿ ಉಣಿಸಿದರೆಂದರೆ, ಆ ಜಾಡಿ ಅವರ ಹೆಸರಿಗೆ ಬದುಕಿಡೀ ಅಂಟಿಕೊಂಡಿತು.

ಅಯ್ಯುವಾದ ಲೋಕೇಶ್ ಗೆರೆಯ ಎರಡೂ ಕಡೆ ಸಲೀಸಾಗಿ ಓಡಾಡಿದವರು. ತಂದೆ ಸುಬ್ಬಯ್ಯ ನಾಯ್ಡು 1934ರ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ನಾಯಕ. ಮಗ ಕಾರ್ನಾಡರ ‘ಕಾಡು’ ಚಿತ್ರದಲ್ಲೂ ಇದ್ದರು, 1978ರಲ್ಲಿ ‘ಪರಸಂಗದ ಗೆಂಡೆತಿಮ್ಮ’ನೂ ಆದರು. ಈ ಎರಡೂ ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಗಳು. ಎರಡು ಹಳ್ಳಿಗಳ ಹಗೆತನವನ್ನು ಕಿಟ್ಟಿ ಎಂಬ ಹುಡುಗನ ಕಣ್ಣಿನಿಂದ, ಗೋವಿಂದ ನಿಹಲಾನಿಯವರ ಕ್ಯಾಮೆರಾದಿಂದ ನೋಡಿಸುವ ‘ಕಾಡು’ ಮೈ ಜುಮ್ಮೆನಿಸುತ್ತದೆ. ಪೇಟೆಯ ಥಳುಕಿನ ಸಾಮಾನು ಹೊತ್ತು ಹಳ್ಳಿಗೆ ಮಾರಲು ಹೋಗುವ ತಿಮ್ಮನ ಕಥೆ ನಗಿಸುತ್ತ ನಗಿಸುತ್ತ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ರಾಜನ್-ನಾಗೇಂದ್ರರ ಹಾಡುಗಳಿವೆ, ಜನ ಗುನುಗಿದ್ದಾರೆ. ಇದನ್ನು ಯಾವ ಅಲೆಗೆ ಸೇರಿಸುವುದು? ಪಟ್ಟಿಯಲ್ಲಿ ‘ಕಾಡು’ವಿನ ಪಕ್ಕದಲ್ಲೇ ಇರಲಿ.

ಬಿಟ್ಟದ್ದರ ಬಗ್ಗೆಯೂ ಒಂದು ಮಾತು. ‘ವಂಶವೃಕ್ಷ’ ಸ್ವತಃ ಪಟ್ಟಿಯಲ್ಲಿಲ್ಲ, ಇಬ್ಬರು ನಿರ್ದೇಶಕರಿಗೂ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರವಾದರೂ. ಭೈರಪ್ಪನವರ ಅಷ್ಟು ದೊಡ್ಡ ಕಾದಂಬರಿ ತೆರೆಯ ಮೇಲೆ ಮಾತಿನ ಭಾರಕ್ಕೆ ಕುಸಿಯುತ್ತದೆ. ‘ಗಂಧದ ಗುಡಿ’ಯ ಕಾಡು ಚೆಂದ, ಕಥೆ ಸಾಧಾರಣ. ಎನ್. ಲಕ್ಷ್ಮೀನಾರಾಯಣರು ತೇಜಸ್ವಿಯವರ ಕಥೆ ಆಧರಿಸಿ ಮಾಡಿದ ‘ಅಬಚೂರಿನ ಪೋಸ್ಟಾಫೀಸು’ ಹೊರಗುಳಿದದ್ದಕ್ಕೆ ಮಾತ್ರ ಹೊಟ್ಟೆ ಉರಿಯುತ್ತದೆ; ಹನ್ನೊಂದನೆಯ ಜಾಗ ಎಂಬುದಿದ್ದರೆ ಅದಕ್ಕೇ.

ಹಾಗಾದರೆ ಹತ್ತನೆಯದು? ಕಾರ್ನಾಡರ 1978ರ ‘ಒಂದಾನೊಂದು ಕಾಲದಲ್ಲಿ’. ಕುರೊಸಾವಾನ ಸಮುರಾಯ್ ಚಿತ್ರಗಳ ಗುಂಗಿನಲ್ಲಿ ಮಲೆನಾಡಿನ ಕಾಡಿಗೆ ಕತ್ತಿ ಹಿಡಿದು ಇಳಿದ ಈ ಕಥೆಯಲ್ಲಿ ಕೂಲಿ ಯೋಧ ಗಂಡುಗಲಿಯಾಗಿ ಬಂದವರು ಶಂಕರ್ ನಾಗ್. ಮರಾಠಿ ರಂಗಭೂಮಿಯಿಂದ ನೇರವಾಗಿ ಇಲ್ಲಿಗೆ ಬಂದು, ಮೊದಲ ಕನ್ನಡ ಚಿತ್ರದಲ್ಲೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಎನಿಸಿದರು. ಸುಂದರಕೃಷ್ಣ ಅರಸ್ ಎದುರು ನಿಂತಾಗ ಕತ್ತಿಗಿಂತ ಕಣ್ಣೇ ಹೆಚ್ಚು ಕಾದಾಡುತ್ತದೆ. ಅದೇ ಶಂಕರ್ ಮುಂದೆ ಗಾಂಧಿನಗರದಲ್ಲಿ ಆಟೋ ಓಡಿಸಿದರು, ತಾವೇ ಕ್ಯಾಮೆರಾ ಹಿಂದೆಯೂ ನಿಂತರು. ಅವರ ನಿರ್ದೇಶನದ ಮೊದಲ ಚಿತ್ರ ‘ಮಿಂಚಿನ ಓಟ’ ಈ ಪಟ್ಟಿಗೆ ಬರಬೇಕಿತ್ತು, ಅದು ತೆರೆಕಂಡದ್ದು 1980ರಲ್ಲಿ. ದಶಕ ಮುಗಿಯುವುದು 1979ಕ್ಕೋ 1980ಕ್ಕೋ ಎಂಬ ಪಂಚಾಂಗದ ಜಗಳದಲ್ಲಿ ಎರಡನೆಯ ಪಕ್ಷ ಗೆದ್ದರೆ ‘ಅಬಚೂರು’ ಹನ್ನೆರಡಕ್ಕೆ ಇಳಿಯಬೇಕಾಗುತ್ತದೆ.