ಬಯಲಾಟವು ಕಲಾಮಂದಿರವನ್ನು ಹೊಕ್ಕಾಗ

ಬಳ್ಳಾರಿಯ ರಾಘವ ಕಲಾಮಂದಿರವು ಕೌತಾಳ, ಆದವಾನಿ, ಆಲೂರು ಸೀಮೆಯ ಕನ್ನಡಿಗರಾದ ನಮಗೆ ಇಂದಿಗೂ ನಮ್ಮದೇ ರಂಗಮಂದಿರವೆಂಬ ಭಾವನೆಯಿದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯವಾದಾಗ ಹಳೆಯ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬೇರ್ಪಟ್ಟವು. ಕಚೇರಿಯ ದಾರಿ ಬದಲಾಯಿತೇ ಹೊರತು ಆಟದ ದಾರಿ ಬದಲಾಗಲಿಲ್ಲ. ನಮ್ಮ ಹಳ್ಳಿಗಳ ಬಯಲಾಟವು ನಗರದ ಮಂದಿರವನ್ನು ಹೊಕ್ಕಾಗ ಏನನ್ನು ಗಳಿಸುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ವಿಮರ್ಶಿಸುವುದು ಈ ಲೇಖನದ ಉದ್ದೇಶ.

ಮೊದಲು ಆ ಮಂದಿರವು ಯಾರ ಹೆಸರನ್ನು ಹೊತ್ತಿದೆ ಎಂಬುದನ್ನು ನೆನೆಯಬೇಕು. ಬಳ್ಳಾರಿ ರಾಘವರು (1880–1946) ಹುಟ್ಟಿದ್ದು ತಾಡಪತ್ರಿಯಲ್ಲಿ; ವಕೀಲರಾಗಿ ಬಾಳಿದ್ದು ಬಳ್ಳಾರಿಯಲ್ಲಿ. ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸವಿನೋದಿನಿ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ, ಇವೆರಡೂ ಅದೇ ಊರಿನ ಸಂಸ್ಥೆಗಳು. ಹರಿಶ್ಚಂದ್ರ, ದುರ್ಯೋಧನ, ಚಾಣಕ್ಯ, ಪಠಾಣ ರುಸ್ತುಂ ಪಾತ್ರಗಳಿಂದ ರಾಘವರು ಹೆಸರಾದರು. ಅವರು ತೆಲುಗಿನವರೋ ಕನ್ನಡದವರೋ ಎಂಬ ಜಗಳವನ್ನು ನಾವು ಬಹಳ ಸಲ ಕೇಳಿದ್ದೇವೆ. ಮನೆಯಲ್ಲೊಂದು, ಸಂತೆಯಲ್ಲೊಂದು, ಶಾಲೆಯಲ್ಲೊಂದು ಭಾಷೆಯಾಡುವ ನಮ್ಮ ಗಡಿಯ ಜನಕ್ಕೆ ಆ ಜಗಳವು ಹೊರಗಿನವರು ತಂದದ್ದೆಂದೇ ತೋರುತ್ತದೆ.

ರಾಘವರ ಹಿರಿಮೆಯು ಬೇರೆಡೆಯಿದೆ. ಪದ್ಯವನ್ನು ರಾಗವಾಗಿ ಎಳೆದೆಳೆದು ಹಾಡಿ ಚಪ್ಪಾಳೆ ಗಿಟ್ಟಿಸುವ ರೂಢಿಯನ್ನು ಅವರು ಒಪ್ಪಲಿಲ್ಲ. ಮಾತಿನ ಅರ್ಥವು ಮುಖದಲ್ಲಿ ಮೂಡಬೇಕೆಂದರು. ಸ್ತ್ರೀಪಾತ್ರಗಳನ್ನು ಸ್ತ್ರೀಯರೇ ವಹಿಸಬೇಕೆಂದು ಹಟ ಹಿಡಿದರು. ಇಂತಹ ಅಭಿನಯಕ್ಕೆ ನಾಲ್ಕು ಗೋಡೆಗಳು ಬೇಕು, ನಟನ ಮುಖದ ಮೇಲೆ ನಿಲ್ಲುವ ಬೆಳಕು ಬೇಕು, ಸದ್ದಡಗಿದ ಸಭೆ ಬೇಕು. ಕಂದಗಲ್ ಹನುಮಂತರಾಯರ 'ರಕ್ತರಾತ್ರಿ'ಯಂತಹ ಕಂಪನಿ ನಾಟಕಗಳೂ ಪರದೆಯ ನಡುವೆಯೇ ಹುಟ್ಟಿದವು. ಅವಕ್ಕೆ ಮಂದಿರವೆಂದರೆ ತವರುಮನೆ.

ಬಯಲಾಟದ ಮಾತು ಹಾಗಲ್ಲ. ಅದು ಇರುಳಿಡೀ ನಡೆಯುವ ಆಟ. ಗಣಪತಿಯ ಪೂಜೆಯಿಂದ ತೊಡಗಿ ಬೆಳಗಿನ ಮಂಗಳದವರೆಗೆ ಊರಿಗೆ ಊರೇ ಅದರಲ್ಲಿ ಪಾಲುಗೊಳ್ಳುತ್ತದೆ. ಮಂದಿರದಲ್ಲಿ ಅದಕ್ಕೆ ದೊರಕುವ ಅವಧಿ ಒಂದೂವರೆ ತಾಸು, ಹೆಚ್ಚೆಂದರೆ ಎರಡು. ಸ್ವಾಗತ, ಸನ್ಮಾನ, ಅಧ್ಯಕ್ಷೀಯ ಭಾಷಣಗಳು ಮುಗಿದ ಮೇಲೆ ಉಳಿಯುವುದು ಅದಕ್ಕಿಂತಲೂ ಕಡಿಮೆ. (ಭಾಷಣವನ್ನು ಕತ್ತರಿಸಿದ ಸಂಘಟಕರನ್ನು ನಾವು ಇನ್ನೂ ಕಂಡಿಲ್ಲ.) ಕತ್ತರಿಸುವುದು ಅನಿವಾರ್ಯವೆಂದೇ ಇಟ್ಟುಕೊಳ್ಳೋಣ. ನಮ್ಮ ಆಕ್ಷೇಪವಿರುವುದು ಏನನ್ನು ಕತ್ತರಿಸುತ್ತಾರೆ ಎಂಬುದರಲ್ಲಿ.

ಮೊದಲು ಕತ್ತರಿಗೆ ಬಲಿಯಾಗುವವನು ಸಾರಥಿ. ಪಾತ್ರವು ರಂಗಕ್ಕೆ ಬಂದೊಡನೆ ಯಾರು, ಊರಾವುದು, ಬಂದ ಕಾರ್ಯವೇನು ಎಂದು ಕೇಳುವ ಆತನ ಪ್ರಶ್ನೆಗಳು ನಗರದ ನಿರ್ದೇಶಕರಿಗೆ ಕಾಲಹರಣವೆನಿಸುತ್ತವೆ. ಆದರೆ ಭೀಮನನ್ನೂ ಕೌರವನನ್ನೂ ನಮ್ಮೂರಿನ ಕಟ್ಟೆಗೆ ತಂದು ಕೂರಿಸುವವನೇ ಆತನು. ಆಟದ ವಚನವು ಗ್ರಂಥದ ಕನ್ನಡ. ಸಾರಥಿಯ ನುಡಿ ಊರ ಕನ್ನಡ. ನಮ್ಮ ಕಡೆ ಅದರಲ್ಲಿ ತೆಲುಗೂ ಬೆರೆಯುತ್ತದೆ. ಮಳೆ ಬಾರದ ವರ್ಷ, ಹತ್ತಿಯ ದರ, ಸಾಲಗಾರನ ಕಾಟ ಎಲ್ಲವೂ ನುಸುಳುತ್ತವೆ. ಸಾರಥಿಯನ್ನು ತೆಗೆದರೆ ಉಳಿಯುವುದು ಕಿರೀಟ, ಭುಜಕೀರ್ತಿ ಮತ್ತು ಗದ್ದಲ. ನಗರದ ಪ್ರೇಕ್ಷಕರು ಬಯಲಾಟವನ್ನು ಬರಿಯ ಕೂಗಾಟವೆಂದು ತಿಳಿದಿದ್ದರೆ ಅದಕ್ಕೆ ಈ ಕತ್ತರಿಯೇ ಹೊಣೆ.

ಎರಡನೆಯದು ನೆಲ. ಹಳ್ಳಿಯ ಅಟ್ಟಕ್ಕೆ ಹಲಗೆ ಹಾಸಿರುತ್ತಾರೆ. ವೀರಪಾತ್ರಧಾರಿಯ ಹೆಜ್ಜೆಗೆ ಆ ಹಲಗೆಯೇ ಮತ್ತೊಂದು ಮದ್ದಳೆ. ಅದೇ ಹೆಜ್ಜೆಯು ಗಚ್ಚಿನ ನೆಲದ ಜಮಖಾನೆಯ ಮೇಲೆ ಸದ್ದಿಲ್ಲದೆ ಸಾಯುತ್ತದೆ. ಜೊತೆಗೆ ಮುಂದೆ ನಿಲ್ಲಿಸಿದ ಒಂಟಿ ಮೈಕು! ಕುಣಿಯಬೇಕಾದವರು ಅದರ ಮುಂದೆ ಸಾಲುಗಟ್ಟಿ ನಿಂತು ವಚನವನ್ನು ಒಪ್ಪಿಸುತ್ತಾರೆ, ನಮ್ಮ ಶಾಲೆಗಳ ಮಕ್ಕಳು ಪ್ರಾರ್ಥನೆಯನ್ನು ಒಪ್ಪಿಸುವಂತೆ.

ಹಾಗೆಂದು ಮಂದಿರವು ಜನಪದ ಕಲೆಗೆ ಶತ್ರುವೆಂದು ನಾವು ಹೇಳಲಾರೆವು. ಬೆಳಗಲ್ಲು ವೀರಣ್ಣನವರನ್ನು ನೋಡಿ. 2023ರಲ್ಲಿ ಅಪಘಾತದಲ್ಲಿ ಅವರು ತೀರಿಕೊಂಡದ್ದು ನಮ್ಮ ಭಾಗಕ್ಕೆ ದೊಡ್ಡ ನಷ್ಟ. ತೊಗಲುಗೊಂಬೆಗೆ ಬೇಕಾದುದು ಕತ್ತಲೆ ಮತ್ತು ಬಿಳಿಯ ಪರದೆ. ಮಂದಿರವು ಅದನ್ನು ಬಯಲಿಗಿಂತ ಚೆನ್ನಾಗಿ ಕೊಡುತ್ತದೆ. ವೀರಣ್ಣನವರು ರಾಮಾಯಣದ ಗೊಂಬೆಗಳ ಪಕ್ಕದಲ್ಲಿ ಗಾಂಧೀಜಿಯವರನ್ನೂ ಸ್ವಾತಂತ್ರ್ಯ ಸಮರವನ್ನೂ ನಿಲ್ಲಿಸಿದರು. ಕಲೆಯ ಸ್ವಭಾವವನ್ನು ಬಲ್ಲವನೇ ಅದನ್ನು ಬದಲಾಯಿಸಿದಾಗ ಅದು ಕುಗ್ಗುವುದಿಲ್ಲ. ದರೋಜಿ ಈರಮ್ಮನವರ ಬುರ್ರಕಥೆಗೆ ಈ ಭಾಗ್ಯವಿರಲಿಲ್ಲ. ಮನೆಮಾತು ತೆಲುಗಾಗಿದ್ದ ಆ ತಾಯಿ ಕುಮಾರರಾಮನ ಕಥೆಯನ್ನು ಕನ್ನಡದಲ್ಲಿ ರಾತ್ರಿಗಟ್ಟಲೆ ಹಾಡಬಲ್ಲವರಾಗಿದ್ದರು. ಅಷ್ಟು ರಾತ್ರಿಗಳನ್ನು ಯಾವ ಮಂದಿರವೂ ಬಾಡಿಗೆಗೆ ಕೊಡುವುದಿಲ್ಲ. 2014ರಲ್ಲಿ ಅವರು ಹೋದ ಮೇಲೆ ಕೊಡುವ ಪ್ರಶ್ನೆಯೂ ಉಳಿಯಲಿಲ್ಲ.

ಆದುದರಿಂದ ಬಯಲಾಟವನ್ನು ನಗರಕ್ಕೆ ಕರೆಯುವವರಲ್ಲಿ ನಮ್ಮ ಬಿನ್ನಹವಿಷ್ಟೆ. ಇಡೀ ಪ್ರಸಂಗವನ್ನು ಒಂದೂವರೆ ತಾಸಿಗೆ ಹಿಂಡುವುದರ ಬದಲು ಒಂದೇ ಸಂಧಿಯನ್ನು ಆರಿಸಿ, ಅದನ್ನು ಪೂರ್ಣವಾಗಿ ಆಡಿಸಲಿ. ಕತ್ತರಿ ಆಡಿಸುವ ಮೊದಲು ಮೇಳದ ಹಿರಿಯರನ್ನು ಕೇಳಲಿ. ಸಾರಥಿಯು ಇರಲಿ, ಆತನ ಬಾಯಿಗೆ ಬೀಗ ಹಾಕದಿರಲಿ. ಮೈಕು ಮೇಲಿನಿಂದ ತೂಗಲಿ. ಇನ್ನು ಹಲಗೆಗಳೋ, ನಮ್ಮಲ್ಲಿಯೇ ಬೇಕಾದಷ್ಟಿವೆ. ಬಳ್ಳಾರಿಗೆ ಒಯ್ಯಲು ಒಂದು ಟ್ರ್ಯಾಕ್ಟರು ಸಾಕು.