ಕೇಕಿನ ಮೇಲೊಂದು ಪಿಚ್ಚು

ಕರೆಯೋಲೆ ಪಂದ್ಯದ ಟಿಕೆಟ್ಟಿನ ರೂಪದಲ್ಲಿ ವಾಟ್ಸಾಪಿಗೆ ಬರುತ್ತದೆ, ಗೇಟು, ಸ್ಟ್ಯಾಂಡು, ಸೀಟಿನ ಸಂಖ್ಯೆ ಸಮೇತ. ಪಾರ್ಟಿ ಹಾಲಿನ ಬಾಗಿಲಿಗೆ ಕೆಂಪು-ಕಪ್ಪು ಬಲೂನಿನ ಕಮಾನು. ಒಳಗೆ ಚಿನ್ನಸ್ವಾಮಿ ಕ್ರೀಡಾಂಗಣದ ಫ್ಲೆಕ್ಸು. ಅದರ ಮುಂದೆ ಹಸಿರು ಹೊದಿಕೆಯ ಕೇಕು, ಕೇಕಿನ ನಡುವೆ ಬಿಸ್ಕತ್ತಿನ ಪುಡಿಯ ಪಿಚ್ಚು, ಸಕ್ಕರೆಯ ಸ್ಟಂಪು. ಹುಟ್ಟುಹಬ್ಬದ ಹುಡುಗನ ಜೆರ್ಸಿಯ ಬೆನ್ನ ಮೇಲೆ ಅವನ ಹೆಸರು, ಕೆಳಗೆ 18. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಏಳೆಂಟು ವರ್ಷದ ಮಕ್ಕಳ ಹುಟ್ಟುಹಬ್ಬಕ್ಕೆ ಇದು ಈಗ ಕಣ್ಣುಮುಚ್ಚಿ ಆರಿಸಬಹುದಾದ ಸಿದ್ಧ ಮಾದರಿ. 2025ರ ಜೂನ್ 3ರಂದು ಆರ್‌ಸಿಬಿ ಕೊನೆಗೂ ಐಪಿಎಲ್ ಗೆದ್ದ ಮೇಲೆ ಅಲಂಕಾರದವರಿಗೆ ಥರ್ಮೋಕೋಲಿನ ಕಪ್ಪು ಮಾಡುವ ಕೆಲಸವೂ ಸೇರಿಕೊಂಡಿದೆ.

ಥೀಮು ಮಗುವಿನದೋ ಅಪ್ಪನದೋ ಎಂಬ ಅನುಮಾನ ನನಗೆ ಪ್ರತಿ ಸಲವೂ ಬರುತ್ತದೆ. 2008ರ ಏಪ್ರಿಲ್ 18ರಂದು ಇದೇ ಚಿನ್ನಸ್ವಾಮಿಯಲ್ಲಿ ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆಯಿತು. ಕೋಲ್ಕತ್ತದ ಬ್ರೆಂಡನ್ ಮೆಕಲಮ್ ಒಬ್ಬರೇ ಔಟಾಗದೆ 158 ಹೊಡೆದರೆ, ಬೆಂಗಳೂರಿನ ಇಡೀ ತಂಡ ಸೇರಿ 82ಕ್ಕೆ ಗಂಟುಮೂಟೆ ಕಟ್ಟಿತು. ಅವತ್ತು ಹಾಸ್ಟೆಲಿನ ಟಿವಿ ಮುಂದೆ ತಲೆ ಮೇಲೆ ಕೈಹೊತ್ತು ಕೂತ ಹುಡುಗರೇ ಇವತ್ತಿನ ಅಪ್ಪಂದಿರು. ಹದಿನೆಂಟನೆಯ ಸೀಸನ್ನಿನವರೆಗೆ ಕಾದವರ ಖುಷಿಗೆ ನನ್ನ ತಕರಾರಿಲ್ಲ. ಆದರೆ ಆ ಖುಷಿ ಫ್ಲೆಕ್ಸಿಗೂ ಕೇಕಿಗೂ ಹಂಚಿಹೋಗಿ, ಆಟಕ್ಕೆ ಉಳಿಯುವುದು ಎಷ್ಟು?

ಇಂಥ ಪಾರ್ಟಿಯನ್ನು ಅಳೆಯಲು ನನ್ನ ಬಳಿ ಇರುವುದು ಒಂದೇ ಅಳತೆ: ಬಂದ ಮಕ್ಕಳಲ್ಲಿ ಆಟ ಅಷ್ಟಾಗಿ ಬಾರದ, ಎಲ್ಲರಿಗಿಂತ ಹಿಂದೆ ನಿಲ್ಲುವ ಮಗು ಎಷ್ಟು ಹೊತ್ತು ಆಡಿತು? ಈ ಅಳತೆ ಹಿಡಿದರೆ ಬಹುಪಾಲು ಪಾರ್ಟಿಗಳು ನಪಾಸು. ಎರಡು ಗಂಟೆಯ ಕಾರ್ಯಕ್ರಮದಲ್ಲಿ ಫೋಟೋಗೆ ಒಂದಷ್ಟು, ಕೇಕಿಗೆ ಒಂದಷ್ಟು, ಊಟಕ್ಕೆ ಒಂದಷ್ಟು ಹೋಗುತ್ತದೆ. ಉಳಿದುದರಲ್ಲಿ ಮೈಕು ಹಿಡಿದ ಆಂಕರ್ ಆಡಿಸುವುದು ಒಬ್ಬೊಬ್ಬರನ್ನೇ ಹೊರಗೆ ಕಳಿಸುವ ಆಟಗಳು. ಮ್ಯೂಸಿಕಲ್ ಚೇರಿನ ಕುರ್ಚಿಗಳಿಗೆ ತಂಡದ ಲೋಗೋ ಅಂಟಿಸಿದರೆ ಅದು ಕ್ರೀಡೆ ಆಯಿತಂತೆ. ಮೊದಲು ಔಟಾಗುವ ಮಗು ಹೆಚ್ಚುಕಡಿಮೆ ಪ್ರತಿ ಆಟದಲ್ಲೂ ಅದೇ ಮಗು. ಅದು ಗೋಡೆಗೆ ಒರಗಿ ಕೂತು, ಉಳಿದವರಿಗೆ ಚಪ್ಪಾಳೆ ತಟ್ಟುವ ಕೆಲಸಕ್ಕೆ ನೇಮಕಗೊಳ್ಳುತ್ತದೆ.

ಆಂಕರನ್ನು ದೂರಿ ಫಲವಿಲ್ಲ. ಈ ಪಾರ್ಟಿ ನಕಲು ಮಾಡುತ್ತಿರುವುದು ಕ್ರಿಕೆಟ್ಟನ್ನಲ್ಲ, ಕ್ರಿಕೆಟ್ಟಿನ ಟಿವಿ ಪ್ರಸಾರವನ್ನು. ಡಿಜೆ, ಕೂಗು, ಬಾವುಟ, ಜೆರ್ಸಿ ಎಲ್ಲವೂ ನೋಡುಗರ ಸರಕು. ಆಡಲು ಬಂದ ಮಕ್ಕಳನ್ನು ನಾವು ಅಭಿಮಾನಿಗಳನ್ನಾಗಿಸಿ ಮನೆಗೆ ಕಳಿಸುತ್ತೇವೆ.

ನಕಲು ತೀರಾ ಅತಿಗೆ ಹೋಗುವುದು ಹರಾಜಿನಲ್ಲಿ. ತಂಡ ಕಟ್ಟುವುದಕ್ಕೆ ಐಪಿಎಲ್ ಮಾದರಿಯ ಹರಾಜು ನಡೆಸುವ ಹುಚ್ಚು ಕೆಲವು ಕಡೆ ಹತ್ತಿಕೊಂಡಿದೆ: ಆಟಿಕೆಯ ನೋಟು, ಮರದ ಸುತ್ತಿಗೆ, ಎರಡು ತಂಡಗಳ ‘ಮಾಲೀಕರು’. ದೊಡ್ಡವರಿಗೆ ಭಾರಿ ತಮಾಷೆ. ಎಂಟು ವರ್ಷದ ಮಗುವೊಂದು ಎಲ್ಲರೆದುರು ನಿಂತು, ತನ್ನನ್ನು ಯಾರೂ ಕೂಗುತ್ತಿಲ್ಲ ಎಂಬುದನ್ನು ಕೇಳಿಸಿಕೊಳ್ಳುವುದಿದೆಯಲ್ಲ, ಅದಕ್ಕೆ ಹುಟ್ಟುಹಬ್ಬದ ಮನೆ ಜಾಗವಲ್ಲ. ನಮ್ಮ ಹಳ್ಳಿ-ಕೇರಿಗಳ ಮಕ್ಕಳು ಇದನ್ನು ಎಷ್ಟು ಚಂದವಾಗಿ ಬಗೆಹರಿಸಿಕೊಂಡಿದ್ದರು! ಹೆಚ್ಚುಕಡಿಮೆ ಸಮಬಲದ ಇಬ್ಬರು ಹೆಗಲ ಮೇಲೆ ಕೈಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಬ್ಬ ಸೂರ್ಯ, ಇನ್ನೊಬ್ಬ ಚಂದ್ರ ಅಂತ ಹೆಸರಿಟ್ಟುಕೊಂಡು ಬಂದು ನಾಯಕರನ್ನು ಕೇಳುತ್ತಿದ್ದರು, “ಸೂರ್ಯ ಬೇಕೋ, ಚಂದ್ರ ಬೇಕೋ?” ಬಲ ತಾನಾಗಿ ಸಮನಾಗಿ ಹಂಚಿಹೋಗುತ್ತಿತ್ತು. ಯಾರು ಕೊನೆಯವರು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ತೀರಾ ಚಿಕ್ಕವರಿಗೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಖಾಯಂ ಸ್ಥಾನ. ಬೆಸ ಸಂಖ್ಯೆಯಾದರೆ ಎರಡೂ ಕಡೆ ಆಡುವ ಜೋಕರ್. ದುಡ್ಡು ಕೊಟ್ಟು ಕರೆಸಿದ ಯಾವ ಇವೆಂಟ್‌ನವರ ಪಟ್ಟಿಯಲ್ಲೂ ಇಷ್ಟು ಜಾಣ ಏರ್ಪಾಡನ್ನು ನಾನು ಕಂಡಿಲ್ಲ.

ಹಾಲು ಬಿಟ್ಟು ಟರ್ಫಿಗೆ ಹೋದವರು ಒಂದು ಹೆಜ್ಜೆ ಮುಂದಿದ್ದಾರೆ ಎನ್ನಬೇಕು. ಬಲೆ ಕಟ್ಟಿದ ಬಾಕ್ಸ್ ಕ್ರಿಕೆಟ್ ಅಂಕಣ ಈಗ ಊರಿನ ಮೂಲೆಮೂಲೆಯಲ್ಲೂ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಚೆಂಡು ರಸ್ತೆಗೆ ಹೋಗುವುದಿಲ್ಲ, ಗಾಜು ಒಡೆಯುವುದಿಲ್ಲ. ಆದರೆ ಮಧ್ಯಾಹ್ನದ ಸ್ಲಾಟ್ ಅಗ್ಗವೆಂದು ಏಪ್ರಿಲ್ ಬಿಸಿಲಿನಲ್ಲಿ ಕರೆದುಕೊಂಡು ಹೋದರೆ, ಪ್ಲಾಸ್ಟಿಕ್ ಹುಲ್ಲು ಕಾದ ಕಾವಲಿ. ಬಿದ್ದ ಮಗುವಿನ ಮೊಣಕಾಲು ತರಚುವುದಷ್ಟೇ ಅಲ್ಲ, ಉರಿಯುತ್ತದೆ. ಇನ್ನೊಂದು ತೊಡಕು ಮಾಮೂಲಿ ಕ್ರಿಕೆಟ್ಟಿನ ನಿಯಮದ್ದೇ. ಕೋಚಿಂಗಿಗೆ ಹೋಗುವ ಇಬ್ಬರು ಕ್ರೀಸು ಬಿಟ್ಟು ಕದಲುವುದಿಲ್ಲ, ಮೊದಲ ಚೆಂಡಿಗೇ ಬೌಲ್ಡ್ ಆದವನು ಬಲೆ ಹಿಡಿದುಕೊಂಡು ನಿಂತಿರುತ್ತಾನೆ. ಹುಟ್ಟುಹಬ್ಬದವನಿಗಂತೂ ಅಪ್ಪನೇ ಅಂಪೈರು, ಅವನು ಔಟಾಗಿದ್ದೆಲ್ಲ ನೋಬಾಲು. ಮಕ್ಕಳಿಗೆ ಅದು ಗೊತ್ತಾಗದೆ ಇರುತ್ತದೆಯೇ?

ಇದಕ್ಕೆ ಪರಿಹಾರ ಆಟದ ಒಳಗೇ ಇದೆ. ಒಳಾಂಗಣ ಕ್ರಿಕೆಟ್ಟಿನಲ್ಲಿ, ಇಂಗ್ಲೆಂಡಿನ ಎಳೆಯರ ಪಂದ್ಯಗಳಲ್ಲಿ ಜೋಡಿ ಪದ್ಧತಿ ಬಹಳ ಹಿಂದಿನಿಂದ ನಡೆದುಬಂದಿದೆ. ಇಬ್ಬರು ಒಟ್ಟಿಗೆ ಬ್ಯಾಟಿಗೆ ಇಳಿದು, ಗೊತ್ತುಪಡಿಸಿದಷ್ಟು ಓವರು ಪೂರ್ತಿ ಆಡುತ್ತಾರೆ. ಔಟಾದರೆ ಹೊರಗೆ ಹೋಗುವುದಿಲ್ಲ, ಐದು ರನ್ನು ಕಳೆಯುತ್ತಾರೆ ಅಷ್ಟೆ. ಪಾರ್ಟಿಗೆ ಹತ್ತು ಮಕ್ಕಳು ಬಂದರೆ ಐದು ಜೋಡಿ. ಜೋಡಿಗೆ ಎರಡು ಓವರು, ಒಟ್ಟು ಹತ್ತು ಓವರು. ಒಬ್ಬೊಬ್ಬರೂ ಒಂದೊಂದು ಓವರು ಬೌಲ್ ಮಾಡಿದರೆ ಲೆಕ್ಕ ಚುಕ್ತಾ. ಬ್ಯಾಟಿಂಗಿನಲ್ಲಿ ಇಲ್ಲದ ಎಂಟು ಮಂದಿಯೂ ಅಂಕಣದೊಳಗೆ ಫೀಲ್ಡಿಂಗಿನಲ್ಲಿ ಇರುತ್ತಾರೆ. ವೈಡಿಗೆ ಎರಡು ರನ್ ಕೊಟ್ಟು, ಆ ಚೆಂಡನ್ನು ಮತ್ತೆ ಹಾಕಿಸದಿದ್ದರೆ ಇಡೀ ಪಂದ್ಯ ಒಂದು ಗಂಟೆಯೊಳಗೆ ಮುಗಿಯುತ್ತದೆ. ಗಟ್ಟಿ ಆಟಗಾರನನ್ನು ಮೆತ್ತಗಿರುವವನ ಜೊತೆ ಜೋಡಿ ಮಾಡಿದರಂತೂ, ‘ಓಡು, ಓಡು’ ಎಂದು ಕಿರುಚುತ್ತ ಕಲಿಸುವ ಕೆಲಸವನ್ನು ಮಕ್ಕಳೇ ವಹಿಸಿಕೊಳ್ಳುತ್ತಾರೆ. ಹುಟ್ಟುಹಬ್ಬದವನು ಮೈನಸ್ ಹತ್ತಕ್ಕೆ ಮುಗಿಸಿ ಕೊನೆಯ ಸ್ಥಾನಕ್ಕೆ ಬಂದರೆ ಬರಲಿ ಬಿಡಿ, ಕೇಕು ಹೇಗೂ ಅವನದೇ.

ಕೇಕು ಎಂದಾಗ ಇನ್ನೊಂದು ಮಾತು. ಕೇಕು, ಚಿಪ್ಸು, ಬಣ್ಣದ ಪಾನೀಯ ತುಂಬಿಸಿ ಆಮೇಲೆ ಓಡಿಸುವವರು ಟರ್ಫಿನ ಮೂಲೆಯಲ್ಲಿ ವಾಂತಿ ತೊಳೆಯಲೂ ತಯಾರಿರಬೇಕು. ಆಟ ಮೊದಲು, ನಡುವೆ ನೀರುಮಜ್ಜಿಗೆಯೋ ಪಾನಕವೋ, ಹೆಚ್ಚಿದ ಕಿತ್ತಳೆ, ಕೇಕು ಕೊನೆಗೆ. ಬೆವತು ಬಂದ ಮಕ್ಕಳು ಚಿತ್ರಾನ್ನವನ್ನೂ ಎರಡನೆಯ ಸಲ ಕೇಳುತ್ತಾರೆ.

ಹುಡುಗಿಯರ ವಿಷಯಕ್ಕೆ ಬಂದರೆ ಈ ಪಾರ್ಟಿಗಳು ಇನ್ನೂ ಹಳೆಯ ಕಾಲದಲ್ಲಿವೆ. ಹುಡುಗರಿಗೆ ಬ್ಯಾಟು, ಅದೇ ವಯಸ್ಸಿನ ಹುಡುಗಿಯರ ಕೈಗೆ ಮಿರುಗುವ ಪಾಂಪಾಂ. ಆರ್‌ಸಿಬಿ ಹೆಸರಿಗೆ ಮೊದಲ ಕಪ್ ತಂದವರು ಹೆಂಗಸರು ಎಂಬುದನ್ನು ಫ್ಲೆಕ್ಸ್ ಬರೆಸುವವರು ಮರೆತಂತಿದೆ. 2024ರ ಮಾರ್ಚ್ 17ರಂದು ಡೆಲ್ಲಿಯನ್ನು ಡೆಲ್ಲಿಯಲ್ಲೇ 113ಕ್ಕೆ ಉರುಳಿಸಿ ಡಬ್ಲ್ಯುಪಿಎಲ್ ಗೆದ್ದರು. ಬೆಂಗಳೂರಿನ ಶ್ರೇಯಾಂಕಾ ಪಾಟೀಲ ಆ ಫೈನಲ್ಲಿನಲ್ಲಿ 12 ರನ್ನಿಗೆ ನಾಲ್ಕು ವಿಕೆಟ್ ಕಿತ್ತರು. ನಾಯಕಿ ಸ್ಮೃತಿ ಮಂಧಾನ ತೊಡುವ ಸಂಖ್ಯೆಯೂ 18. ಅಂದಮೇಲೆ ಮಗಳ ಹುಟ್ಟುಹಬ್ಬಕ್ಕೆ ಅದೇ ಅಂಗಿ ಸಲ್ಲದೇಕೆ? ಹುಡುಗಿಯರಿಗೆ ಕ್ರಿಕೆಟ್ ಥೀಮ್ ಹಾಕಿಸುವ ಮನೆಗಳು ಇಲ್ಲವೆಂದಲ್ಲ, ವಿರಳ.

ಇಷ್ಟಕ್ಕೂ ಕ್ರಿಕೆಟ್ಟೇ ಏಕೆ ಎಂದು ಕೇಳಿದರೆ ನನಗೆ ತೋರುವ ಉತ್ತರ ಕಹಿ: ಅಂಗಡಿಯಲ್ಲಿ ಅದರ ಸಾಮಾನು ಸಿಗುತ್ತದೆ. ಫುಟ್‌ಬಾಲಿಗೂ ಸಿಗುತ್ತದೆ, ಹಾಗಾಗಿ ಮೆಸ್ಸಿಯ ಹೆಸರಿನಲ್ಲೂ ಮೇಣದಬತ್ತಿ ಹಚ್ಚುತ್ತಾರೆ. ಖೊಖೊಗೆ ಸಿಗುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೊಖೊ ವಿಶ್ವಕಪ್ಪನ್ನು ಭಾರತದ ಗಂಡಸರ ತಂಡ, ಹೆಂಗಸರ ತಂಡ ಎರಡೂ ಗೆದ್ದವು. ಕರ್ನಾಟಕದ ಗೌತಮ್ ಎಂ.ಕೆ., ಚೈತ್ರಾ ಬಿ. ಆ ತಂಡಗಳಲ್ಲಿದ್ದರು. ಅವರ ಚಿತ್ರದ ಪೇಪರ್ ತಟ್ಟೆ ಚಿಕ್ಕಪೇಟೆಯಲ್ಲಿ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಹುಟ್ಟುಹಬ್ಬದ ಗುಂಪಿಗೆ ಅದಕ್ಕಿಂತ ಹೊಂದುವ ಆಟ ಕಷ್ಟ: ಎರಡು ಕಂಬ, ನಡುವೆ ಸಾಲಾಗಿ ಕೂತ ಮಕ್ಕಳು, ಯಾವ ಕ್ಷಣದಲ್ಲಿ ಯಾರ ಬೆನ್ನಿಗೆ ‘ಖೊ’ ಬೀಳುತ್ತದೋ ತಿಳಿಯದ ರೋಮಾಂಚ. ಕೂತವರೂ ಆಟದಲ್ಲೇ ಇರುತ್ತಾರೆ. ಲಗೋರಿಯದೂ ಅದೇ ಗುಣ, ಏಳು ಕಲ್ಲು, ಒಂದು ಚೆಂಡು. ಫೋಟೋದಲ್ಲಿ ಚೆನ್ನಾಗಿ ಕಾಣದ ಆಟಕ್ಕೆ ಥೀಮಾಗುವ ಯೋಗ್ಯತೆ ಇಲ್ಲ ಎಂಬಲ್ಲಿಗೆ ನಾವು ಬಂದು ನಿಂತಿದ್ದೇವೆ.

ಮನೆಯವರೂ ಆಡಬಹುದು ಎಂಬ ಯೋಚನೆಯೇ ನಮ್ಮ ಪಾರ್ಟಿಗಳಲ್ಲಿ ಇಲ್ಲ. ಕೊಡಗಿನಲ್ಲಿ ನೋಡಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ತಂಡವೆಂದರೆ ಮನೆತನ. ಅಜ್ಜ, ಸೊಸೆ, ಶಾಲೆಗೆ ಹೋಗುವ ಹುಡುಗಿ ಒಂದೇ ತಂಡದಲ್ಲಿ ಸ್ಟಿಕ್ಕು ಹಿಡಿಯುತ್ತಾರೆ. 2024ರ ಕುಂಡ್ಯೋಳಂಡ ಕಪ್ಪಿನಲ್ಲಿ ಆಡಿದ್ದು 360 ಕುಟುಂಬಗಳು. ಅಷ್ಟು ದೊಡ್ಡದು ನಮ್ಮ ಕೈಗೆಟುಕದು, ನಿಜ. ಆದರೆ ಟರ್ಫಿನ ಹೊರಗೆ ಫೋನು ಹಿಡಿದು ನಿಂತ ಹತ್ತು ಅಪ್ಪ-ಅಮ್ಮಂದಿರನ್ನು ಮಕ್ಕಳ ಎದುರು ತಂಡವಾಗಿ ಇಳಿಸಲು ಹೆಚ್ಚುವರಿ ಖರ್ಚೇನೂ ಬರುವುದಿಲ್ಲ. ಮಕ್ಕಳು ಮನಸಾರೆ ನಗುವುದು ಆಗಲೇ.

ಎಲ್ಲರಿಗೂ ಪದಕ ಕೊಡುವ ಪದ್ಧತಿಯ ಬಗ್ಗೆ ಪರ-ವಿರೋಧದ ಮಾತುಗಳಿವೆ. ಐದು ವರ್ಷದವರಿಗೆ ಅದು ಥಳಥಳಿಸುವ ಸರ, ಕೊಡಿ. ಒಂಬತ್ತು ವರ್ಷದವರಿಗೆ ಯಾರು ಗೆದ್ದರೆಂದು ಚೆನ್ನಾಗಿ ಗೊತ್ತು, ಸಮಾಧಾನದ ಪದಕ ಕಾರಿನ ಸೀಟಿನಡಿ ಸೇರುತ್ತದೆ. ನನ್ನ ಹೆಚ್ಚಿನ ಆಕ್ಷೇಪ ರಿಟರ್ನ್ ಗಿಫ್ಟಿನ ಮೇಲೆ. ಹುಟ್ಟುಹಬ್ಬದವನ ಮುಖ ಅಚ್ಚಾದ ಮಗ್ಗು ಪಕ್ಕದ ಮನೆಯ ಮಗುವಿಗೆ ಏತಕ್ಕೆ? ಅದರ ಬದಲು ಒಂದು ಟೆನಿಸ್ ಚೆಂಡು ಕೊಟ್ಟು ಕಳಿಸಬಹುದು. ಅಡ್ಡಿಯೆಂದರೆ, ಅದೇ ಅಪಾರ್ಟ್‌ಮೆಂಟಿನ ಹುಲ್ಲಿನ ಪಕ್ಕದಲ್ಲಿ ಚೆಂಡಾಟ ನಿಷೇಧಿಸಿದ ಬೋರ್ಡು ನೆಟ್ಟಿರುತ್ತದೆ. ವರ್ಷವಿಡೀ ಅಂಗಳದಲ್ಲಿ ಆಡಗೊಡದೆ, ಹುಟ್ಟುಹಬ್ಬದ ದಿನ ಎರಡು ಗಂಟೆಯ ಮೈದಾನವನ್ನು ಬಾಡಿಗೆಗೆ ತರುತ್ತೇವೆ. ಹತ್ತು ಮನೆಗಳಿಗೆ ಹತ್ತು ಚೆಂಡು ಹೋದರೆ ಮರುದಿನ ನಿವಾಸಿಗಳ ಸಂಘದ ವಾಟ್ಸಾಪ್ ಗುಂಪಿನಲ್ಲಿ ದೂರು ಬರುವುದು ಖಂಡಿತ. ಆಗ ಆ ಹತ್ತೂ ಮನೆಯವರು ಸಂಘದ ಸಭೆಗೆ ಹೋಗಿ, ಸಂಜೆ ಐದರಿಂದ ಏಳರವರೆಗಾದರೂ ಆ ಬೋರ್ಡು ತೆಗೆಸಲಿ.